ಅಣ್ಣ ಹಾಕದೆ ಬಿಟ್ಟ ಕ್ಲಿಪ್ಪು

ಬೀದಿಯವರು ಅವಳನ್ನು ಗೇರಕ್ಕ ಎಂದು ಕರೆಯತೊಡಗಿದ್ದು ಗೇಲಿಗೆ. ವರ್ಷ ಉರುಳಿದ ಹಾಗೆ ಗೇಲಿ ಸವೆದುಹೋಗಿ ಹೆಸರಷ್ಟೇ ನಿಂತಿತು. ಐವತ್ತರ ಹತ್ತಿರದ ಹೆಂಗಸು. ಗಟ್ಟಿ ಮುಂಗೈ, ಎಷ್ಟು ತಿಕ್ಕಿದರೂ ಕಪ್ಪು ಬಿಡದ ಉಗುರು. ಕಾರು ಬಾಗಿಲಿಗೆ ಬಂದು ನಿಲ್ಲುವ ಮೊದಲೇ ಸದ್ದು ಕೇಳಿ ಎಷ್ಟನೇ ಗೇರು ಕೆಟ್ಟಿದೆ ಎಂದು ಹೇಳಬಲ್ಲಳು. ನಗುವುದು ಕಮ್ಮಿ, ಮರೆಯುವುದು ಇನ್ನೂ ಕಮ್ಮಿ.

ಕೆಲಸ ಕಲಿಸಿದ್ದು ಅಪ್ಪ, ಗೇರ್‌ಬಾಕ್ಸ್ ರಿಪೇರಿಯಲ್ಲಿ ಹೆಸರು ಮಾಡಿದ ಮೇಸ್ತ್ರಿ. ಮಕ್ಕಳಿಬ್ಬರಿಗೂ ಕಲಿಸಿದ, ಅಣ್ಣನಿಗೆ ಮಾತು ಹತ್ತಿತು, ಇವಳಿಗೆ ಕೆಲಸ ಹತ್ತಿತು. ಗಿರಾಕಿ ಬಂದರೆ ಅಣ್ಣ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಊರ ಸುದ್ದಿ ಬಿಚ್ಚುತ್ತಿದ್ದ. ಒಳಗೆ ಇವಳು ಬಾಕ್ಸ್ ಬಿಚ್ಚುತ್ತಿದ್ದಳು. ಒಂದೊಂದೇ ಹಲ್ಲುಚಕ್ರವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದಳು. “ಬಟ್ಟೆ ಮೇಲೆ ಏನಾದ್ರೂ ಉಳಿದ್ರೆ ಬಾಕ್ಸ್ ಮುಚ್ಚಬೇಡಮ್ಮ,” ಎನ್ನುತ್ತಿದ್ದ ಅಪ್ಪ.

ಅಪ್ಪ ತೀರಿಕೊಂಡ ವರ್ಷವೇ ಪಕ್ಕದ ಬೀದಿಯ ಡಾಕ್ಟರ ಕಾರು ಬಂತು. ಮೂರನೇ ಗೇರು ಹಾಕಿದರೆ ಕರಕರ ಎನ್ನುತ್ತಿತ್ತು. ಅವಳು ಬಾಕ್ಸ್ ಇಳಿಸಿ, ಸವೆದದ್ದನ್ನೆಲ್ಲ ಬದಲಾಯಿಸಿ, ಹೆಚ್ಚುಕಡಿಮೆ ಪೂರ್ತಿ ಜೋಡಿಸಿದಳು. ಗೇರು ಜಾಗ ಬಿಟ್ಟು ಸರಿಯದಂತೆ ಹಿಡಿದಿಡುವ ಒಂದು ಕ್ಲಿಪ್ಪು, ಉಗುರಿನಷ್ಟೇ ದಪ್ಪದ ಉಕ್ಕಿನ ಬಳೆ, ಅದೊಂದು ಬಾಕಿ ಇತ್ತು. ಹಳೆಯದು ಬಾಗಿತ್ತು. ಹೊಸದನ್ನು ತರಲು ಊರಿನ ಆ ತುದಿಯ ಬಿಡಿಭಾಗದ ಅಂಗಡಿಗೆ ಹೋದಳು. ಸಂಜೆ ಮರಳುವಷ್ಟರಲ್ಲಿ ಅಣ್ಣ ಬಾಕ್ಸ್ ಮುಚ್ಚಿ, ಕಾರಿಗೆ ಏರಿಸಿ, ಕಳಿಸಿಯೂ ಬಿಟ್ಟಿದ್ದ.

“ಕ್ಲಿಪ್ ಹಾಕಿರ್ಲಿಲ್ಲ ಅಣ್ಣ.”

“ಹಳೇದೇ ಹಾಕ್ದೆ. ಸುಮ್ನಿರು.”

ಹಳೆಯದು ಬಿಳಿ ಬಟ್ಟೆಯ ಮೇಲೆಯೇ ಬಿದ್ದಿತ್ತು. ಅವಳು ಡಾಕ್ಟರ ಮನೆಗೆ ಓಡಿದಳು. ಬಾಗಿಲಿಗೆ ಬೀಗ, ಗಂಡ ಹೆಂಡತಿ ಪರ ಊರಿಗೆ ಹೊರಟುಬಿಟ್ಟಿದ್ದರು. ಇಳಿಜಾರಿನ ತಿರುವಿನಲ್ಲಿ ಗೇರು ತಾನಾಗಿಯೇ ಕಳಚಿಕೊಂಡು, ಕಾರು ಹಿಡಿತ ತಪ್ಪಿ ಗೋಡೆಗೆ ಗುದ್ದಿತು. ಡಾಕ್ಟರ ಹೆಂಡತಿಯ ಮೊಣಕೈ ಮುರಿಯಿತು.

ಕೆಂಡವಾಗಿ ಬಂದ ಡಾಕ್ಟರ ಎದುರು ಅಣ್ಣ ರೆಪ್ಪೆ ಮಿಟುಕಿಸದೆ ಹೇಳಿದ: “ಜೋಡಿಸಿದ್ದು ನನ್ನ ತಂಗಿ ಸರ್. ಹೆಣ್ಣುಮಕ್ಕಳ ಕೈಗೆ ಕೊಟ್ಟಿದ್ದು ನಂದೇ ತಪ್ಪು.” ಅವಳು ಬಾಗಿದ ಕ್ಲಿಪ್ಪನ್ನು ಅಂಗೈಯಲ್ಲಿಟ್ಟು ಚಾಚಿದಳು. ಯಾರೂ ನೋಡಲಿಲ್ಲ. ವಾರ ಕಳೆಯುವುದರೊಳಗೆ ಅವಳ ಸ್ಪ್ಯಾನರ್ ಪೆಟ್ಟಿಗೆ ಶೆಡ್ಡಿನ ಹೊರಗೆ ಬಂದು ಕೂತಿತ್ತು. ಅದನ್ನು ಎತ್ತಿಕೊಳ್ಳುವಾಗ ಅವಳು ಅಳಲಿಲ್ಲ. ಆ ಮಾತನ್ನು ಅಣ್ಣನ ಬಾಯಿಂದಲೇ, ಅದೇ ಡಾಕ್ಟರ ಮುಂದೆಯೇ ವಾಪಸ್ ತೆಗೆಸುತ್ತೇನೆ ಎಂದು ಹಲ್ಲು ಕಚ್ಚಿ ನಿಶ್ಚಯ ಮಾಡಿದಳು.

ಕೆಲಸ ಸಿಕ್ಕಿದ್ದು ಗುಜರಿಯಲ್ಲಿ. ಅಪಘಾತದಲ್ಲಿ ನಜ್ಜುಗುಜ್ಜಾದ ಕಾರುಗಳ ನಡುವೆ ತಾವಾಗಿಯೇ ಗೇರು ಬದಲಿಸುವ ಆಟೋಮ್ಯಾಟಿಕ್ ಬಾಕ್ಸುಗಳೂ ಬರುತ್ತಿದ್ದವು. ಅಣ್ಣನಂಥವರು ಅವನ್ನು ಮುಟ್ಟುತ್ತಿರಲಿಲ್ಲ, “ಅದು ಸೋಮಾರಿಗಳ ಗಾಡಿ” ಎಂದು ನಗುತ್ತಿದ್ದರು. ಅವನಿಗೆ ಬಾರದ್ದು ತನಗೆ ಬರಬೇಕು ಎಂಬ ಒಂದೇ ಹಟಕ್ಕೆ ಅವಳು ಅವನ್ನು ಬಿಚ್ಚತೊಡಗಿದಳು. ಮೊದಲ ವರ್ಷ ಬಿಚ್ಚಿದ ಒಂದೂ ಮತ್ತೆ ಕೂಡಲಿಲ್ಲ. ಆಮೇಲೆ ಕೂಡಿದವು. ಕೈ ಕುದುರಿದ ಮೇಲೆ ಅವಳು ಅಣ್ಣನ ಶೆಡ್ಡಿನ ಎದುರುಗಡೆಯ ಮಳಿಗೆಯನ್ನೇ ಬಾಡಿಗೆಗೆ ಹಿಡಿದಳು.

“ಇಡೀ ಊರಲ್ಲಿ ಬೇರೆ ಜಾಗ ಸಿಗ್ಲಿಲ್ವಾ?” ಎಂದ ಬಿಡಿಭಾಗದ ಅಂಗಡಿಯವ.

“ಸಿಗ್ತಿತ್ತು. ಅಲ್ಲಿಂದ ಅವನ ಮುಖ ಕಾಣ್ತಿರ್ಲಿಲ್ಲ.”

ಅಣ್ಣನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಎಣ್ಣೆ ಬದಲಿಸುವಾಗ ಅವಳು ಬಾಕ್ಸಿನ ತಳದ ಬಿರಡೆಯ ಅಯಸ್ಕಾಂತಕ್ಕೆ ಮೆತ್ತಿದ ಲೋಹದ ಪುಡಿಯನ್ನು ಅವರ ಬೆರಳಿಗೇ ಸವರಿ ತೋರಿಸುತ್ತಿದ್ದಳು. ಹಿಟ್ಟಿನ ಹಾಗಿದ್ದರೆ ಹೆದರಬೇಡಿ, ಚೂರು ಸಿಕ್ಕರೆ ಬಿಚ್ಚಲೇಬೇಕು ಎನ್ನುತ್ತಿದ್ದಳು. ಒಂದೊಂದು ಕಾರು ತನ್ನ ಕಡೆ ತಿರುಗಿದಾಗಲೂ ಕತ್ತೆತ್ತಿ ಎದುರಿನ ಕುರ್ಚಿಯನ್ನು ನೋಡುತ್ತಿದ್ದಳು. ಹೊಟ್ಟೆಯ ಉರಿ ಮಾತ್ರ ಇಳಿಯಲಿಲ್ಲ.

ಅಣ್ಣನ ಶೆಡ್ಡು ಬಿಟ್ಟ ಮೇಲೆ ಹತ್ತೊಂಬತ್ತು ವರ್ಷ ಹೀಗೇ ಹೋಯಿತು. ಗಿರಾಕಿ ಕೈಬಿಟ್ಟು ಹೋಗುವ ಹೆದರಿಕೆಗೆ ಅಣ್ಣ ಒಂದು ದಿನ ವಕೀಲಮ್ಮನೊಬ್ಬಳ ಆಟೋಮ್ಯಾಟಿಕ್ ಕಾರನ್ನು ಒಪ್ಪಿಕೊಂಡ. ಬರೀ ಎಣ್ಣೆ ಬದಲಿಸುವ ಕೆಲಸ. ತನಗೆ ಗೊತ್ತಿದ್ದ ಮಂದ ಎಣ್ಣೆಯನ್ನೇ ಸುರಿದ. ಎರಡೇ ವಾರಕ್ಕೆ ಕಾರು ನಡುರಸ್ತೆಯಲ್ಲಿ ನಿಂತಿತು; ಎಂಜಿನ್ ಕೂಗುತ್ತದೆ, ಚಕ್ರ ಅಲುಗುವುದಿಲ್ಲ. ವಕೀಲಮ್ಮ ದನಿ ಏರಿಸದೆ, “ಹದಿನೈದು ದಿನ ಟೈಮು. ಆಮೇಲೆ ಕೋರ್ಟಲ್ಲಿ ಮಾತಾಡೋಣ,” ಎಂದು ಹೋದಳು.

ಅಣ್ಣ ರಸ್ತೆ ದಾಟಿ ಬಂದ.

“ಒಂದು ಬಾಕ್ಸ್ ನೋಡ್ಬೇಕಿತ್ತು.”

ಅವಳು ಸ್ಪ್ಯಾನರ್ ಒರೆಸುತ್ತಲೇ ಕೇಳಿದಳು. “ಯಾವ ಎಣ್ಣೆ ಹಾಕ್ದೆ?”

ಅವನು ಹೇಳಿದ.

“ಅದಕ್ಕೆ ಕೆಂಪು ಎಣ್ಣೆ ಹಾಕೋದು, ನೀರಿನ ಹಾಗೆ ತೆಳ್ಳಗಿರುತ್ತೆ. ನೀನು ಹಾಕಿರೋದು ಅಂಟು.”

“ತಪ್ಪಾಯ್ತು ಕಣೇ. ನೀನು ಏನು ಹೇಳಿದ್ರೂ ಮಾಡ್ತೀನಿ.”

ಇಷ್ಟು ವರ್ಷ ಕಾದಿದ್ದ ಮಾತು ಅವಳ ಬಾಯಿಗೆ ಬಂತು. “ಹಾಗಾದ್ರೆ ಡಾಕ್ಟರ ಮನೆಗೆ ನಡಿ. ಅಲ್ಲಿ ನಿಜ ಹೇಳಿದ್ರೆ ಬಾಕ್ಸ್ ನೋಡ್ತೀನಿ.”

ಅವನು ತನ್ನ ಶೆಡ್ಡಿನ ಕಡೆ ತಿರುಗಿ ನೋಡಿದ. “ಅದೆಲ್ಲ ಯಾವ ಕಾಲದ್ದು.”

“ನಂಗೆ ಇವತ್ತು ಬೆಳಿಗ್ಗೆದು.”

ಡಾಕ್ಟರಿಗೆ ವಯಸ್ಸಾಗಿತ್ತು. ಜಗುಲಿಯಲ್ಲಿ ಹೆಂಡತಿಯ ಪಕ್ಕ ಪೇಪರ್ ಓದುತ್ತಾ ಕೂತಿದ್ದರು. ಅಣ್ಣ ತಲೆ ತಗ್ಗಿಸಿ, ಕ್ಲಿಪ್ಪು ಹಾಕದೆ ಬಿಟ್ಟಿದ್ದು ತಾನು, ತಂಗಿಯ ಮೇಲೆ ಸುಳ್ಳು ಹೇಳಿದೆ ಎಂದು ಗೊಣಗಿದ.

ಡಾಕ್ಟರು ಕನ್ನಡಕ ತೆಗೆದರು. “ಯಾವ ಕ್ಲಿಪ್ಪಪ್ಪ? ಯಾವ ಕಾರು?”

ಗೇರಕ್ಕ ಡಾಕ್ಟರ ಮುಖವನ್ನೇ ನೋಡಿದಳು. ಇವರ ಮುಂದೆ ಹೇಳಿಸಬೇಕೆಂದೇ ಹತ್ತೊಂಬತ್ತು ವರ್ಷ ಸವೆಸಿದ್ದಳು. ಇವರಿಗೋ ನೆನಪೇ ಇಲ್ಲ.

“ನಂಗೆ ನೆನಪಿದೆ,” ಎಂದರು ಡಾಕ್ಟರ ಹೆಂಡತಿ. ಇನ್ನೂ ನೆಟ್ಟಗಾಗದ ಮೊಣಕೈಯನ್ನು ತೊಡೆಯ ಮೇಲಿಂದ ನಿಧಾನವಾಗಿ ಎತ್ತಿದರು. “ಇಷ್ಟು ವರ್ಷ ತಲೆ ಬಾಚ್ಕೊಳ್ಳೋವಾಗೆಲ್ಲ ಈ ಹುಡುಗಿನ ಬೈದಿದೀನಿ. ಇನ್ನೊಂದ್ಸಲ ಹೇಳಪ್ಪ, ಸ್ವಲ್ಪ ಗಟ್ಟಿಯಾಗಿ.”

ಅಣ್ಣ ಇನ್ನೊಂದು ಸಲ ಹೇಳಿದ. ಗೇಟಿನ ಆಚೆ ಹೋಗುತ್ತಿದ್ದವರೂ ನಿಂತು ಕೇಳಿದರು. ತಂಗಿ ಅವನ ಕಿವಿ ಕೆಂಪಾಗುವುದನ್ನು ಕಣ್ತುಂಬ ನೋಡಿದಳು.

ಕೊಟ್ಟ ಮಾತಿನಂತೆ ಅವಳು ಬಾಕ್ಸ್ ಇಳಿಸಿದಳು. ಒಳಗೆಲ್ಲ ಸುಟ್ಟ ವಾಸನೆ. ಕ್ಲಚ್ ಪ್ಲೇಟುಗಳು ಕರಕಲಾಗಿದ್ದವು, ಎಣ್ಣೆ ಹರಿಯುವ ಸಣ್ಣ ದಾರಿಗಳೆಲ್ಲ ಕಟ್ಟಿಕೊಂಡಿದ್ದವು. ಹನ್ನೆರಡು ದಿನ ಹಿಡಿಯಿತು. ಎಲ್ಲ ತೊಳೆದು, ಹೊಸ ಪ್ಲೇಟು, ಹೊಸ ಫಿಲ್ಟರ್ ಕೂರಿಸಿ, ಕೆಂಪು ಎಣ್ಣೆ ತುಂಬಿದಳು. ಎಂಜಿನ್ ಬಿಸಿಯಾಗಲು ಬಿಟ್ಟು, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಒಂದೊಂದೇ ಜಾಗಕ್ಕೆ ಸರಿಸಿ, ಕಡ್ಡಿಯಲ್ಲಿ ಎಣ್ಣೆಯ ಮಟ್ಟ ನೋಡಿದಳು. ವಕೀಲಮ್ಮ ಕಾರು ಹತ್ತಿ ಸದ್ದಿಲ್ಲದೆ ಹೋದಳು.

ಈಗ ತನ್ನಲ್ಲಿಗೆ ಬರುವ ಆಟೋಮ್ಯಾಟಿಕ್ ಗಾಡಿಗಳನ್ನೆಲ್ಲ ಅಣ್ಣನೇ ಅವಳ ಮಳಿಗೆಗೆ ತಂದು ಬಿಡುತ್ತಾನೆ. ಅವಳು ಕೆಲಸ ಮಾಡಿಕೊಡುತ್ತಾಳೆ, ಕೂರು ಎನ್ನುವುದಿಲ್ಲ. ಅವನು ಬಾಗಿಲ ಹತ್ತಿರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಲ್ಲುತ್ತಾನೆ. ಒಮ್ಮೆ, “ಮನೆಗೆ ಬಾರೇ, ಅತ್ತಿಗೆ ಕೇಳ್ತಿರ್ತಾಳೆ,” ಎಂದ. “ನಾನೂ ಕೇಳಿದೆ ಅಂತ ಹೇಳು,” ಎಂದು ಮತ್ತೆ ಕಾರಿನಡಿ ತೂರಿಕೊಂಡಳು.

“ಈಗಲಾದ್ರೂ ಹೊಟ್ಟೆ ತಣ್ಣಗಾಯ್ತಾ?” ಎಂದು ಬಿಡಿಭಾಗದ ಅಂಗಡಿಯವ ಕೇಳಿದ್ದುಂಟು.

“ಅರ್ಧ,” ಎಂದಳು ಗೇರಕ್ಕ. “ಉಳಿದರ್ಧಕ್ಕೆ ಅವನು ಬರ್ತಾ ಇರ್ತಾನಲ್ಲ.”