ಅಂತರಪಟದ ಎರಡು ನಿಮಿಷ: ಸಂಕಲನಕಾರ್ತಿ ಹರಿಣಾಕ್ಷಿಯವರು

ವಿಡಿಯೊ ಮಾಧ್ಯಮದ ಚರಿತ್ರೆ ಬರೆಯುವವರು ದೊಡ್ಡ ನಗರಗಳ ದೊಡ್ಡ ಸ್ಟುಡಿಯೊಗಳ ಬಾಗಿಲು ತಟ್ಟುತ್ತಾರೆ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಕೋಣೆಯೊಂದರಲ್ಲಿ ಎರಡು ವಿಸಿಆರ್‌ಗಳ ಮುಂದೆ ಕುಳಿತು, ಹದಿನೈದು ವರ್ಷ ಊರವರ ಮದುವೆ, ನಾಮಕರಣ, ಕಾರ್ಖಾನೆಯ ತರಬೇತಿ, ಬೀಳ್ಕೊಡುಗೆಗಳನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟ ಹೆಣ್ಣುಮಗಳೊಬ್ಬರ ಹೆಸರನ್ನು ಅವರು ಕೇಳಿರಲಾರರು. ಕೇಳದಿದ್ದರೆ ನಷ್ಟ ಅವರದೇ. ಅರವತ್ತು ತುಂಬಿದ ಈ ವರ್ಷ, ೧೯೯೯ರಲ್ಲಿ, ‘ಕಡಲದನಿ ವಿಡಿಯೊ’ದ ಸಂಕಲನದ ಮೇಜಿನಿಂದ ಎದ್ದು ನಿಂತಿರುವ ಶ್ರೀಮತಿ ಹರಿಣಾಕ್ಷಿಯವರನ್ನು ಇಲ್ಲಿನ ಕನ್ನಡಿಗರೂ ತೆಲುಗರೂ ಕೂಡಿ ಅಭಿನಂದಿಸುತ್ತಿರುವುದು ಎಲ್ಲ ರೀತಿಯಿಂದಲೂ ಉಚಿತವಾದದ್ದು.

ಹುಟ್ಟೂರು ಪುತ್ತೂರು. ಮದುವೆಗೆ ಮುಂಚೆ ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವ ಕೆಲಸ. ಬಂದರಿನಲ್ಲಿ ಎಂಜಿನಿಯರಾದ ಪತಿಯೊಂದಿಗೆ ೧೯೭೮ರಲ್ಲಿ ವಿಶಾಖಪಟ್ಟಣಕ್ಕೆ ಬಂದರು. ಆರು ವರ್ಷಗಳ ನಂತರ, ನೌಕಾಪಡೆಯ ಛಾಯಾಚಿತ್ರ ವಿಭಾಗದಿಂದ ನಿವೃತ್ತರಾದ ತಿಪಟೂರಿನ ಚಂದ್ರಶೇಖರ ಅವರು ಒಂದು ಕ್ಯಾಮರಾ ಕೊಂಡುತಂದರು. ಧ್ವನಿಮುದ್ರಣದಲ್ಲಿ ಪಳಗಿದ್ದ ವಿಜಯವಾಡದ ಜಗನ್ಮೋಹನ್ ಬಂದು ಅವರ ಜೊತೆಗೂಡಿದರು. ಇಬ್ಬರೂ ತಂದು ಸುರಿದದ್ದನ್ನು ಒಪ್ಪ ಮಾಡುವ ಮೂರನೆಯವರು ಬೇಕಾದಾಗ ಹರಿಣಾಕ್ಷಿಯವರು ಅಡುಗೆಮನೆಯ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತರು. ಕುಳಿತವರು ಏಳಲು ಇಷ್ಟು ವರ್ಷ ಹಿಡಿಯಿತು.

ಅವರ ಉಪಕಾರಗಳನ್ನು ಬರೆಯಹೊರಟರೆ ಈ ಅಭಿನಂದನ ಸಂಪುಟ ಸಾಲದು. ಹಡಗಿನಲ್ಲಿದ್ದು ಮಗಳ ನಾಮಕರಣ ತಪ್ಪಿಸಿಕೊಂಡ ಧಾರವಾಡದ ಕಡೆಯ ನಾವಿಕನೊಬ್ಬನಿಗೆ, ಹಡಗಿನ ಟಿವಿಯ ಮುಂದೆ ಅವನ ಪಾಳಿ ಕಾಲು ಗಂಟೆ ಮಾತ್ರ ಎಂದು ತಿಳಿದು, ಮೂರು ಗಂಟೆಯ ಕ್ಯಾಸೆಟ್ಟನ್ನು ಹನ್ನೆರಡು ನಿಮಿಷಕ್ಕೆ ಇಳಿಸಿಕೊಟ್ಟರು. “ಮಗುವಿನ ಮುಖ ಮೊದಲು, ನೆಂಟರ ಊಟ ಆಮೇಲೆ” ಎನ್ನುವುದು ಅವರ ವ್ಯಾಕರಣ. ಊಟ ಕಾಣದ ನೆಂಟರು ಕೋಪಿಸಿಕೊಂಡದ್ದೂ ಉಂಟು. ಕ್ಯಾಸೆಟ್‌ಗಳ ಮೇಲೆ ಕನ್ನಡದಲ್ಲೇ ಹೆಸರು ಬರೆಯುತ್ತಿದ್ದುದರಿಂದ ಜಗನ್ಮೋಹನ್ ಬೇರೆ ದಾರಿ ಕಾಣದೆ ಕನ್ನಡ ಕಲಿತರು.

ಆದರೆ ಹರಿಣಾಕ್ಷಿಯವರು ಎಂಥವರೆಂದು ಕೇಳಿದವರಿಗೆ ೧೯೮೬ರ ಒಂದು ಸಂಗತಿಯನ್ನಾದರೂ ಹೇಳಲೇಬೇಕು. ಅಲ್ಲಿಯವರೆಗೆ ಕಂಪನಿ ಚಿತ್ರಿಸಿದ್ದು ಕನ್ನಡಿಗರ ಸಮಾರಂಭಗಳನ್ನು ಮಾತ್ರ. ಮೊದಲ ತೆಲುಗು ಮದುವೆ ಬಂದದ್ದು ವಿಜಯವಾಡದಿಂದ. ಆಟೋನಗರದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದ ದುರ್ಗಾಪ್ರಸಾದ್ ಅವರ ಒಬ್ಬಳೇ ಮಗಳ ಮದುವೆ. ತಾಯಿಯಿಲ್ಲದ ಆ ಹುಡುಗಿಯನ್ನು ಮೂರನೆಯ ವಯಸ್ಸಿನಿಂದ ಸಾಕಿದವರು ಅಜ್ಜಿ, ಅಂದರೆ ದುರ್ಗಾಪ್ರಸಾದ್ ಅವರ ತಾಯಿ, ಸೀತಾಮಹಾಲಕ್ಷ್ಮಮ್ಮನವರು. ಮದುವೆ ಗೊತ್ತಾದ ಮೇಲೆ, ಎಂವಿಪಿ ಕಾಲೋನಿಯಲ್ಲಿದ್ದ ತಮ್ಮ ಮಗಳನ್ನು ನೋಡಿಹೋಗಲು ಬಂದ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ರೈಲು ಹತ್ತುವ ಮಾತೇ ಇರಲಿಲ್ಲ. ಮೊಮ್ಮಗಳ ಮುಹೂರ್ತವನ್ನು ಅವರಿಗೆ ಟಿವಿಯಲ್ಲಿ ತೋರಿಸಬೇಕೆಂದೇ ದುರ್ಗಾಪ್ರಸಾದ್ ವಿಡಿಯೊ ತೆಗೆಸಿದ್ದು.

ಎಡವಟ್ಟಾದದ್ದು ಅಲ್ಲೇ. ನಮ್ಮಲ್ಲೂ ಜೀರಿಗೆ-ಬೆಲ್ಲ ಇಡುತ್ತಾರೆ. ಆದರೆ ಚಂದ್ರಶೇಖರ ಅವರ ಲೆಕ್ಕದಲ್ಲಿ ಮುಹೂರ್ತವೆಂದರೆ ತಾಳಿ ಕಟ್ಟುವುದು. ತೆಲುಗರಿಗೆ ಹಾಗಲ್ಲ. ಅಂತರಪಟ ಹಿಡಿದಿರುವಾಗಲೇ ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುತ್ತಾರಲ್ಲ, ಆ ಗಳಿಗೆಯೇ ಮುಹೂರ್ತ. ಚಂದ್ರಶೇಖರ ಅವರು ಅಂತರಪಟವನ್ನು ಎರಡು ನಿಮಿಷ ಚಿತ್ರಿಸಿ, ಒಂದೇ ಬ್ಯಾಟರಿ ಉಳಿದಿದೆಯೆಂದು ಕ್ಯಾಮರಾ ಆರಿಸಿದರು. ಜಗನ್ಮೋಹನ್ ತಮ್ಮ ಟೇಪ್‌ರೆಕಾರ್ಡರ್ ಹಿಡಿದು ವಾದ್ಯದವರ ನಡುವೆ ಬೆನ್ನು ತಿರುಗಿಸಿ ಕೂತಿದ್ದರು. ಕ್ಯಾಮರಾ ಮತ್ತೆ ಚಾಲೂ ಆದದ್ದು ತಾಳಿಯ ಹೊತ್ತಿಗೆ.

ವಿಶಾಖಪಟ್ಟಣದಲ್ಲಿ ಕ್ಯಾಸೆಟ್ ಹಾಕಿ ನೋಡಿದಾಗಲೇ ಗೊತ್ತಾದದ್ದು. ಚಂದ್ರಶೇಖರ ಅವರ ಮುಖ ಬಿಳಿಚಿಕೊಂಡಿತು.

“ತಾಳಿ ಕಟ್ಟೋ ಹೊತ್ಗೆ ಬ್ಯಾಟ್ರಿ ಕೈ ಕೊಟ್ರೆ ಏನ್ ಗತಿ ಅಂತ ಆಫ್ ಮಾಡ್ದೆ ಕಣಮ್ಮ. ಮುಹೂರ್ತನೇ ಹೋಯ್ತಲ್ಲ. ಇನ್ ನಾನು ಕ್ಯಾಮ್ರಾ ಮುಟ್ಟಲ್ಲ.”

“ತಪ್ಪು ನಿಮ್ಮೊಬ್ರದ್ದಾ?” ಎಂದರು ಹರಿಣಾಕ್ಷಿ. “ಈ ಊರಿಗೆ ಬಂದು ಎಂಟು ವರ್ಷ ಆಯ್ತು. ನಾನಾದ್ರೂ ಒಂದು ಮಾತು ಕೇಳ್ಬಹುದಿತ್ತಲ್ಲ?”

ಜಗನ್ಮೋಹನ್ ಉಪಾಯ ಹೇಳಿದರು. “ಪರವಾಲೇದು ಅಕ್ಕಾ. ಬೇರೆಯವರು ತೆಗೆದ ನಮ್ಮ ಚೆಲ್ಲೆಲು ಮದುವೆ ಕ್ಯಾಸೆಟ್ ಇದೆ. ಕೈ, ಜೀರಿಗೆ, ಬೆಲ್ಲ, ಎಲ್ಲಾ ಹತ್ತಿರದಿಂದ ಬಂದಿದೆ. ಅರ್ಧ ನಿಮಿಷ ಸೇರಿಸಿಬಿಡಿ. ಬರೀ ಕೈ ನೋಡಿ ಯಾರು ಗುರುತು ಹಿಡೀತಾರೆ?”

ಹರಿಣಾಕ್ಷಿಯವರು ಆ ತಂಗಿಯ ಕೈಗಳನ್ನು ಒಮ್ಮೆ ಸೇರಿಸಿಯೂ ನೋಡಿದರು. ಇದನ್ನು ಅವರೇ ಯಾವ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಎಷ್ಟು ಚೆನ್ನಾಗಿ ಕೂತಿತೆಂದರೆ ಅವರಿಗೇ ಭಯವಾಯಿತು. ತಕ್ಷಣ ಅಳಿಸಿದರು.

“ಸಾಕಿದ ಅಜ್ಜಿಗೆ ಕೈ ಗುರುತು ಸಿಗದೆ ಇರ್ತದಾ ಮಾರಾಯ? ಸಿಗದಿದ್ರೂ ಎಂತ? ಯಾರದ್ದೋ ಮಗಳನ್ನು ತೋರಿಸಿ ಇದು ನಿಮ್ಮ ಮೊಮ್ಮಗಳು ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಮತ್ತೆ ಹೆಡ್‌ಫೋನ್ ಹಾಕಿಕೊಂಡರು. ಜಗನ್ಮೋಹನ್ ಅವರ ಟೇಪ್‌ರೆಕಾರ್ಡರ್ ಮದುವೆಯುದ್ದಕ್ಕೂ ಓಡುತ್ತಿತ್ತಲ್ಲ, ಅದರಲ್ಲಿ ಪುರೋಹಿತರ ಮಂತ್ರ, ಬಳೆಗಳ ಸದ್ದು, “ಮೇಳಂ, ಮೇಳಂ” ಎಂಬ ಕೂಗು, ಅದರ ಹಿಂದೆಯೇ ಗಟ್ಟಿಮೇಳ, ಒಂದೂ ಬಿಟ್ಟುಹೋಗದೆ ಇತ್ತು. ಅದರ ಸದ್ದಿಗೆ ಅಂತರಪಟದ ಎರಡು ನಿಮಿಷವನ್ನು ಹೊಂದಿಸಿದರು. ಅದರ ಮೇಲೆ ಹೂವಿನ ಚಿತ್ರವನ್ನಾಗಲಿ ದೀಪದ ಚಿತ್ರವನ್ನಾಗಲಿ ಹಚ್ಚಲಿಲ್ಲ. ಅರಿಸಿನ ಅಂಚಿನ ಬಿಳಿ ಬಟ್ಟೆ ಹಾಗೆಯೇ ಉಳಿಯಿತು.

ಮೂರನೆಯ ದಿನ ಮೂವರೂ ಕ್ಯಾಸೆಟ್ ಹಿಡಿದು ಅಜ್ಜಿಯಿದ್ದ ಮನೆಗೆ ಹೋದರು. ವಿಜಯವಾಡದಿಂದ ಬಂದಿದ್ದ ದುರ್ಗಾಪ್ರಸಾದ್ ಅವರಿಗೆ ಹರಿಣಾಕ್ಷಿಯವರು ಜಗಲಿಯಲ್ಲಿ ನಿಂತೇ, ತಮ್ಮ ಅರೆಬರೆ ತೆಲುಗಿನಲ್ಲಿ, ನಡೆದದ್ದನ್ನೆಲ್ಲ ಹೇಳಿದರು. ಆ ಮನುಷ್ಯನಿಗೆ ಸಿಟ್ಟು ನೆತ್ತಿಗೇರಿತು. ಅದೊಂದನ್ನು ನೋಡಬೇಕೆಂದೇ ತಾಯಿ ದಿನ ಎಣಿಸುತ್ತಿದ್ದಾರೆ, ಈಗ ಅವರಿಗೇನು ಹೇಳಲಿ ಎಂದು ಕೂಗಾಡಿದರು. ಆಮೇಲೆ ಜಗಲಿಯ ಮೆಟ್ಟಿಲ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ಹರಿಣಾಕ್ಷಿಯವರು ಒಳಗೆ ಹೋಗಿ ಅಜ್ಜಿಯ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು, ಅದೇ ಮಾತನ್ನು ಅವರಿಗೂ ಹೇಳಿ ಕ್ಯಾಸೆಟ್ ಹಾಕಿದರು.

ಅಂತರಪಟ ಬಂತು. ಮಂತ್ರ ಏರಿತು. ಗಟ್ಟಿಮೇಳ ಹೊಡೆದಾಗ ಸೀತಾಮಹಾಲಕ್ಷ್ಮಮ್ಮನವರು ತಮ್ಮ ಕೈ ಎತ್ತಿ ತಮ್ಮದೇ ನೆತ್ತಿಯ ಮೇಲಿಟ್ಟುಕೊಂಡರು. ಮೇಳ ನಿಲ್ಲುವವರೆಗೂ ತೆಗೆಯಲಿಲ್ಲ. ಮತ್ತೊಮ್ಮೆ ಹಾಕು ಎಂದರು. ಮತ್ತೊಮ್ಮೆ ಹಾಕಿದರು. ಆಮೇಲೆ ಅವರು ತೆಲುಗಿನಲ್ಲಿ ನಿಧಾನವಾಗಿ ಆಡಿದ ಮಾತು ಇಷ್ಟು: “ನನ್ನ ಮದುವೆಯಲ್ಲಿ ನನಗೆ ಹನ್ನೊಂದು ವರ್ಷ. ಆ ಹೊತ್ತಿಗೆ ನಾನೂ ಇಷ್ಟೇ ಕಂಡದ್ದಮ್ಮಾ. ಮುಂದೆ ಬಟ್ಟೆ, ಕಿವಿ ತುಂಬ ಮೇಳ. ನನ್ನ ಮೊಮ್ಮಗಳೂ ಇದನ್ನೇ ಕಂಡಿರುತ್ತಾಳೆ. ಅವಳ ಹಸೆಮಣೆಯ ಮೇಲೆ ನನ್ನನ್ನು ಕೂರಿಸಿಬಿಟ್ಟೆಯಲ್ಲ ನೀನು.”

ಹರಿಣಾಕ್ಷಿಯವರು ಅಲ್ಲಿಯೇ ಅತ್ತರು. ಬಾಗಿಲಲ್ಲಿ ನಿಂತಿದ್ದ ಚಂದ್ರಶೇಖರ ಅವರೂ ಅತ್ತರು. ಕ್ಯಾಮರಾ ಮುಟ್ಟುವುದಿಲ್ಲವೆಂದ ಅವರ ಶಪಥ ಆ ಮನೆಯ ಕಾಫಿ ಲೋಟದ ಜೊತೆಗೇ ಮುಗಿಯಿತು. ದುರ್ಗಾಪ್ರಸಾದ್ ತಮ್ಮ ನೆಂಟರಿಷ್ಟರ ಮದುವೆಗಳಿಗೆಲ್ಲ ಇವರನ್ನೇ ಕರೆಸಿದರು. ವಿಜಯವಾಡದಲ್ಲಿ ಜಗನ್ಮೋಹನ್ ಶಾಖೆ ತೆರೆದದ್ದು ಆ ಮದುವೆಗಳ ಬಲದಿಂದಲೇ.

ಈಗ ಸಂಕಲನಕ್ಕೆ ಕಂಪ್ಯೂಟರು ಬಂದಿದೆ. ಇಲ್ಲದ ಕೈಯನ್ನು ಇದೆಯೆಂದು ತೋರಿಸುವುದು ಇನ್ನೂ ಸುಲಭವಾಗಿದೆ. ಆದ್ದರಿಂದ ಹರಿಣಾಕ್ಷಿಯವರು ಮೇಜಿನಿಂದ ಎದ್ದರೂ ಕೋಣೆಯಿಂದ ಹೊರಡಬಾರದು, ಹೊಸಬರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಅವರ ಕೆಲಸದ ಮೇಲೊಂದು ಕಣ್ಣಿಟ್ಟಿರಬೇಕು ಎಂಬುದು ಎಲ್ಲರ ಪ್ರಾರ್ಥನೆ. ಇನ್ನು ಆಯುಸ್ಸನ್ನು ಹಾರೈಸುವ ಕೆಲಸ ಈ ಸಂಪುಟಕ್ಕೆ ಉಳಿದಿಲ್ಲ. ಅಂದು ಕ್ಯಾಸೆಟ್ ಮುಗಿದ ಮೇಲೆ ಆ ಅಜ್ಜಿ, ಮೊಮ್ಮಗಳ ತಲೆಗೆಂದು ತೆಗೆದಿಟ್ಟಿದ್ದ ಅಕ್ಷತೆಯನ್ನು ತರಿಸಿಕೊಂಡು, ನೆಲದ ಮೇಲೆ ಕೂತಿದ್ದ ಪುತ್ತೂರಿನ ಈ ಹೆಣ್ಣುಮಗಳ ತಲೆಗೆ ಹಾಕಿ ಹೇಳಿದ್ದರು: ತುಂಬು ನೂರು ವರ್ಷ ಬಾಳು ತಾಯೀ.