ಕಮಲಕ್ಕ ಕೊಟ್ಟ ಕೆಂಪು ಮದ್ದು

ಉಪ್ಪಳದ ಬಸ್ಸಿನಲ್ಲಿ ಆ ದಿನ ಕಮಲಕ್ಕನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಸಿಟ್ಟಿಗೆ ಅವಳ ಮುಖ ಹಾಗಿತ್ತು. ಮಡಿಲಿನ ಚೀಲದಲ್ಲಿ ಎರಡು ಬಾಟಲಿ. ಕೆಂಪು ವೈನು ಅರ್ಧ ಮುಗಿದಿತ್ತು, ಬಿಳಿಯದರ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಕಮಲಕ್ಕ ಕಾರಡ್ಕದ ಕುಟುಂಬಶ್ರೀ ಹೆಂಗಸರ ಸಂಘದ ಹೋಟೆಲಿನಲ್ಲಿ ದೋಸೆ ಹೊಯ್ಯುವವಳು. ಗಂಡ ಬಟ್ಯಣ್ಣ ಕೆಂಪುಕಲ್ಲಿನ ಪಣೆಯಲ್ಲಿ ಕಲ್ಲು ಕಡಿದವನು, ಕಡಿದದ್ದಕ್ಕಿಂತ ಹೆಚ್ಚು ಕುಡಿದವನು. ಹೃದಯದ ವಾಲ್ವ್ ಬದಲಿಸಿಕೊಂಡು ಅವನು ಮನೆಗೆ ಬಂದ ಮೇಲೆ ಅವಳು ಅವನನ್ನು ಕುಟುಂಬದ ದೈವದ ಚಾವಡಿಗೆ ಕರೆದುಕೊಂಡು ಹೋಗಿ, ಇನ್ನು ಮುಟ್ಟುವುದಿಲ್ಲವೆಂದು ಎಲ್ಲರೆದುರು ಆಣೆ ಮಾಡಿಸಿದ್ದಳು. ಅವನೂ ಮುಟ್ಟಲಿಲ್ಲ. ರಕ್ತ ತೆಳುವಾಗಿಡುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ.

ಅಷ್ಟರಲ್ಲಿ ದುಬೈಯಿಂದ ಅವಳ ತಮ್ಮ ಜಯಂತ ಬಂದ. ಭಾವನಿಗೆಂದು ಕೆಂಪು ವೈನು ಎರಡು, ಬಿಳಿಯದು ಒಂದು ಬಾಟಲಿ ಇಳಿಸಿದ. ಕೆಂಪು ವೈನು ಹೃದಯಕ್ಕೆ ಒಳ್ಳೆಯದಂತೆ, ಬಿಳಿಯದರಲ್ಲಿ ಅಷ್ಟು ಗುಣವಿಲ್ಲವಂತೆ, ಅಲ್ಲಿ ಡಾಕ್ಟರುಗಳೇ ಕುಡಿಯುತ್ತಾರಂತೆ. ಕಮಲಕ್ಕ ಮೂಸಿ ನೋಡಿದಳು. ಬಾಣಂತನದಲ್ಲಿ ಅಮ್ಮ ಕೊಡುತ್ತಿದ್ದ ದ್ರಾಕ್ಷಾರಿಷ್ಟದ್ದೇ ಬಣ್ಣ, ಅದೇ ಒಗರು ವಾಸನೆ. ಅರಿಷ್ಟ ಕುಡಿದರೆ ಆಣೆ ಮುರಿಯುತ್ತದೆಂದು ನಮ್ಮ ಕಡೆ ಯಾರಾದರೂ ಹೇಳುವುದುಂಟೆ? ಬಿಳಿಯದನ್ನು ಶರಾಬೆಂದು ಅಟ್ಟಕ್ಕೇರಿಸಿದಳು. ಕೆಂಪನ್ನು ಅರಿಷ್ಟದ ಪುಟ್ಟ ಗ್ಲಾಸಿಗೆ ಹೊಯ್ದು, ಸಮ ಬಿಸಿನೀರು ಬೆರೆಸಿ, ಊಟದ ನಂತರ ತಾನೇ ಕುಡಿಸಿದಳು.

ಬಟ್ಯಣ್ಣ ಮೊದಲು ಮುಖ ಹಿಂಡಿದ. ಆಮೇಲೆ ಊಟ ಮುಗಿಯುವ ಮೊದಲೇ ಗ್ಲಾಸು ತಾನೇ ತಂದಿಡತೊಡಗಿದ. ಮತ್ತೆ ಬಿಸಿನೀರು ಬೇಡವೆಂದ. ಮತ್ತೆ ಪುಟ್ಟ ಗ್ಲಾಸು ಸಾಲದೆ ಚಾಯದ ಗ್ಲಾಸು ಬಂತು, ಕೆಂಪಿನ ಎರಡನೆಯ ಬಾಟಲಿಯನ್ನೂ ತೆರೆದದ್ದಾಯಿತು. ಮದ್ದು ಬೇಕೆಂದು ಕೇಳುವ ಗಂಡನನ್ನು ಕಂಡು ಅವಳಿಗೆ ಸಂತೋಷವೇ.

ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ಬಂದ ರಕ್ತ ನಿಲ್ಲಲಿಲ್ಲ. ತೊಡೆಯಲ್ಲಿ ನೇರಳೆ ಬಣ್ಣದ ಕಲೆ. ಆಸ್ಪತ್ರೆಯಲ್ಲಿ ಡಾಕ್ಟರ್ ದೀಪ್ತಿ, ಎಂತ ಕುಡಿಯುತ್ತಾರೆಂದು ಕೇಳಿದರು. ಕಮಲಕ್ಕ ಕೆಂಪು ಮದ್ದಿನ ವಿಷಯ ಹೇಳಿದಳು. ಕೆಂಪು ವೈನಿನ ಗುಣವೆಂದು ಜನ ಹೇಳುವುದು ದ್ರಾಕ್ಷಿಯ ಸಿಪ್ಪೆಯದ್ದು, ಅದಕ್ಕೆ ದ್ರಾಕ್ಷಿ ತಿಂದರೆ ಸಾಕು ಎಂದರು. ಕೆಂಪಾಗಲಿ ಬಿಳಿಯಾಗಲಿ ಒಳಗಿರುವ ಆಲ್ಕೋಹಾಲು ಒಂದೇ, ಈ ಮಾತ್ರೆಯ ಜೊತೆ ಅದು ಸೇರಿದರೆ ರಕ್ತ ತಲೆಯೊಳಗೂ ಸೋರಬಹುದು ಎಂದರು.

ಕಮಲಕ್ಕ ಮಂಚದ ಹತ್ತಿರ ಬಂದಳು.

"ನಿಮಗೆ ಗೊತ್ತಾಗ್ಲಿಲ್ವಾ?"

"ಮೊದಲ ಗುಟುಕಿಗೇ ಗೊತ್ತಾಯ್ತು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ನೀನೇ ಕೈಯಾರೆ ಕೊಡುವಾಗ ಹೇಗೆ ಹೇಳುದು ಮಾರಾಯ್ತಿ. ಆಣೆ ಮುರಿದದ್ದು ನಾನಲ್ಲ, ನೀನು ಅಂತ ಸಮಾಧಾನ ಮಾಡ್ಕೊಂಡೆ."

ಅವನು ಮನೆಗೆ ಬಂದ ಮರುದಿನ ಕಮಲಕ್ಕ ಉಳಿದ ಬಾಟಲಿಗಳನ್ನು ಚೀಲಕ್ಕೆ ಹಾಕಿ, ಜಯಂತನ ಮನೆಗೆಂದು ಉಪ್ಪಳದ ಬಸ್ಸು ಹತ್ತಿದಳು.

ಜಯಂತ ಎಲ್ಲ ಕೇಳಿ, "ಹಾಗಾದ್ರೆ ಬಿಳಿಯದ್ದು ಕೊಡ್ಬಹುದಿತ್ತಲ್ಲ ಅಕ್ಕಾ, ಅದು ಲೈಟು" ಎಂದ.

ಕಮಲಕ್ಕ ಅವನ ಹೊಸ ಮನೆಯ ವಾಶ್‌ಬೇಸಿನ್ನಿಗೆ ಮೊದಲು ಬಿಳಿಯದನ್ನು, ಆಮೇಲೆ ಕೆಂಪನ್ನು ಸುರಿದಳು. ಬಿಳಿ ಬೇಸಿನ್ನಿನಲ್ಲಿ ಕೆಂಪು ಕಲೆ ಉಳಿಯಿತು. ಅದನ್ನು ತೊಳೆಯಲಿಲ್ಲ.

"ಸಂಕ್ರಮಣದ ದಿನ ಚಾವಡಿಗೆ ಬಾ. ಮೂರು ಜನರದ್ದೂ ತಪ್ಪುಕಾಣಿಕೆ ಉಂಟು. ತಂದವನದ್ದು, ಕೊಟ್ಟವಳದ್ದು, ಗೊತ್ತಿದ್ದೂ ಕುಡಿದವರದ್ದು. ಬಾರದಿದ್ರೆ ನಿನಗೆ ಅಕ್ಕ ಇಲ್ಲ."

ಅವನು ಬಂದ. ಮೂವರೂ ಕಾಣಿಕೆ ಇಟ್ಟು ಕೈಮುಗಿದರು. ಈ ಸಲ ಬರೀ ಕುಡಿಯುವುದಿಲ್ಲವೆಂದರೆ ಸಾಲದು, ಒಂದೊಂದರ ಹೆಸರು ಹಿಡಿದು ಹೇಳಬೇಕೆಂದು ಕಮಲಕ್ಕ ಹಟ ಹಿಡಿದಳು. ಬಟ್ಯಣ್ಣ ಹೇಳಿದ: ಕಳ್ಳು, ಶರಾಬು, ಬ್ರಾಂಡಿ, ಕೆಂಪು ವೈನು, ಬಿಳಿ ವೈನು. ಹೇಳಿ ಏಳಲು ಹೊರಟ.

"ಅರಿಷ್ಟ" ಎಂದಳು ಕಮಲಕ್ಕ.

ಅವನು ಒಮ್ಮೆ ಅವಳ ಮುಖ ನೋಡಿದ. ಅಲ್ಲಿ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಮತ್ತೆ ಕೂತು, ಅದನ್ನೂ ಹೇಳಿದ.