ಶಲ್ಯದೊಳಗಿನ ಸೂರ್ಯ

ಬಾಗಿದ ದೇಶಕಾಲವನ್ನು, ಅಂದರೆ ಜಾಗವೂ ಕಾಲವೂ ಒಟ್ಟಿಗೆ ಬಾಗುವುದನ್ನು, ಕಣ್ಣಮುಂದೆ ತಂದುಕೊಳ್ಳುವುದು ನನಗೆ ಬರುವುದಿಲ್ಲ. ತುಮಕೂರಿನ ಕಾಲೇಜಿನಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಪಾಠ ಮಾಡಿಕೊಂಡು ಬಂದವನು ಹೀಗನ್ನುವುದು ಮರ್ಯಾದೆಯಲ್ಲ, ಗೊತ್ತು. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಗಣಿತವೇನೋ ಬರುತ್ತದೆ, ಬೋರ್ಡು ತುಂಬ ಬರೆಯುತ್ತೇನೆ. ಕಣ್ಣು ಮುಚ್ಚಿದರೆ ಮಾತ್ರ ಕಾಣುವುದು ನಮ್ಮ ಸೋದರಮಾವನ ಶಲ್ಯ.

ಎಪ್ಪತ್ತರ ದಶಕದ ಕೊನೆ. ಗುಬ್ಬಿಯಿಂದ ಅಮ್ಮ, ಸೋದರಮಾವ, ನಾನು ಕುಣಿಗಲ್ಲಿಗೆ ಹೆಣ್ಣು ನೋಡಲು ಹೋಗಿದ್ದೆವು. ಅದಕ್ಕೆ ಮೊದಲು ಎರಡು ಕಡೆ ನನ್ನನ್ನು ಬೇಡವೆಂದಿದ್ದರು. ಹುಡುಗ ಅತಿಯಾಗಿ ಮಾತಾಡುತ್ತಾನಂತೆ. ಈ ಸಲ ಬಾಯಿ ಮುಚ್ಚಿಕೊಂಡಿರಬೇಕೆಂದು ಅಮ್ಮ ಬಸ್ಸಿನಲ್ಲೇ ತಾಕೀತು ಮಾಡಿದ್ದಳು. ಹುಡುಗಿ ಸುಭದ್ರ ಉಪ್ಪಿಟ್ಟಿನ ತಟ್ಟೆ ಇಟ್ಟು ಬಾಗಿಲ ಪಕ್ಕ ನಿಂತಳು. ನೋಡಿದ ಕೂಡಲೇ ನನಗೆ ಒಪ್ಪಿಗೆಯಾಯಿತು. ಅಷ್ಟರಲ್ಲಿ ಅವರಪ್ಪ, ಪಾಪ, ಮಾತಿಗಿರಲಿ ಅಂತ, ನೀವು ಪಾಠ ಮಾಡೋದಾದರೂ ಏನನ್ನು ಎಂದು ಕೇಳಿಬಿಟ್ಟರು.

ತಗೊಳ್ಳಿ! ಮಾವನ ಹೆಗಲ ಮೇಲಿದ್ದ ಶಲ್ಯ ಎಳೆದುಕೊಂಡೆ. ಎರಡು ಮೂಲೆ ಮಾವನ ಕೈಗೆ, ಎರಡು ಮೂಲೆ ಹುಡುಗಿಯ ಅಪ್ಪನ ಕೈಗೆ. ತಾಂಬೂಲದ ತಟ್ಟೆಯಿಂದ ತೆಂಗಿನಕಾಯಿ ಎತ್ತಿ ನಡುವೆ ಇಟ್ಟು, ಇದು ಸೂರ್ಯ ಎಂದೆ. ಬಟ್ಟೆ ಜಗ್ಗಿತು. ಹಿರಿಯರಿಗೆ ಕೊಡಲೆಂದು ಅಮ್ಮ ತಂದಿದ್ದ ನಿಂಬೆಹಣ್ಣನ್ನು ಭೂಮಿ ಮಾಡಿ ಉರುಳಿಸಿದೆ. ಅದು ಸೊಟ್ಟಗೆ ಸುತ್ತಿ ಕಾಯಿಯ ಪಕ್ಕ ಸೇರಿತು. ಸೂರ್ಯ ಯಾರನ್ನೂ ಎಳೆಯುವುದಿಲ್ಲ, ಜಾಗವೇ ಬಾಗಿದೆ, ಭೂಮಿ ತನ್ನ ಪಾಡಿಗೆ ಆ ಬಾಗಿನಲ್ಲಿ ಹೋಗುತ್ತಿದೆ ಎಂದು ಬೀಗಿದೆ. ತಾಂಬೂಲ ಕೊಡುವ ಮೊದಲೇ ಕಾಯಿಗೆ ಕೈ ಹಾಕಿದ ಮಗನನ್ನು ಅಮ್ಮ ನುಂಗುವಂತೆ ನೋಡುತ್ತಿದ್ದಳು.

ಆಗ ಬಾಗಿಲ ಪಕ್ಕದಿಂದ ಸುಭದ್ರ ಮೆಲ್ಲಗೆ ಕೇಳಿದಳು: "ನಿಂಬೆಹಣ್ಣು ಒಳಕ್ಕೆ ಜಾರಿದ್ದು ಕೆಳಗಿರೋ ಭೂಮಿ ಎಳೆದಿದ್ದಕ್ಕಲ್ವಾ? ಎಳೆತ ಇಲ್ಲ ಅಂತ ತೋರ್ಸೋಕೆ ಎಳೆತಾನೇ ಬೇಕಾಯ್ತಲ್ಲ."

ಶಲ್ಯ ಹಿಡಿದ ಇಬ್ಬರೂ ನನ್ನ ಮುಖ ನೋಡಿದರು. ಏನೋ ಒಂದು ಹೇಳಿ ಸಾಗಹಾಕಬಹುದಿತ್ತು, ಮೇಷ್ಟ್ರಿಗೆ ಆ ವಿದ್ಯೆ ಬಂದೇ ಬರುತ್ತದೆ. ಯಾಕೋ ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನಿಜ, ಹೋಲಿಕೆ ಸರಿಯಿಲ್ಲ. ಕಾಲಾನೂ ಬಾಗ್ಬೇಕು, ಈ ಬಟ್ಟೇಲಿ ಕಾಲ ಎಲ್ಲಿದೆ? ಸರಿಯಾಗಿ ತೋರ್ಸೋಕೆ ನಂಗೂ ಬರಲ್ಲ" ಎಂದೆ.

ಮೂರನೇ ಸಂಬಂಧವೂ ಹೋಯಿತೆಂದು ಅಮ್ಮ ವಾಪಸ್ ಬರುವಾಗ ದಾರಿಯುದ್ದಕ್ಕೂ ಗೊಣಗಿದಳು.

ಹುಡುಗಿಯ ಮನೆಯವರ ಕಾಗದ ಬರಲು ಹದಿನೈದು ದಿನ ಹಿಡಿಯಿತು. ಕಾಲ ಬಾಗುವುದು ಹೇಗೆಂದು ಆಗ ಅರ್ಥವಾಯಿತು ಎಂದು ಬರೆಯಲು ಆಸೆಯೇ. ಅದೂ ತಪ್ಪು ಹೋಲಿಕೆ, ಬಿಡಿ. ಸಂಕಟಪಟ್ಟವನು ನಾನು, ಕಾಲ ಅದರ ಪಾಡಿಗೆ ನೆಟ್ಟಗೇ ಇತ್ತು. ಕಾಗದದಲ್ಲಿ ಒಪ್ಪಿಗೆ ಇತ್ತು. ಗೊತ್ತಿಲ್ಲ ಅನ್ನುವ ಮೇಷ್ಟ್ರನ್ನು ಅವಳು ನೋಡಿದ್ದು ಅದೇ ಮೊದಲಂತೆ.

ಅಲ್ಲಿಂದಾಚೆ ಹೊಸ ಹೋಲಿಕೆ ಹೊಳೆದರೆ ಮೊದಲು ಅಡುಗೆಮನೆಗೆ ಒಯ್ಯುತ್ತೇನೆ. ಮೊನ್ನೆ ಕುಂಬಳಕಾಯಿ ತೋರಿಸಿ, ಎರಡು ಇರುವೆ ಇದರ ನಡುಸುತ್ತಿನಿಂದ ಅಕ್ಕಪಕ್ಕ ನೆಟ್ಟಗೆ ಮೇಲಕ್ಕೆ ಹೊರಟರೂ ತೊಟ್ಟಿನ ಹತ್ತಿರ ಸೇರುತ್ತವೆ, ಯಾರೂ ಎಳೆಯಬೇಕಾಗಿಲ್ಲ ಎಂದೆ. ಕುಂಬಳಕಾಯಿಯನ್ನೇನೋ ಹೊರಗೆ ನಿಂತು ನೋಡಬಹುದು, ಆಕಾಶದ ಹೊರಗೆ ಎಲ್ಲಿ ನಿಲ್ಲುವುದು ಎಂದು ಕೇಳಿದಳು.

"ಈ ಜನ್ಮದಲ್ಲಿ ನಿಂಗೆ ಉತ್ತರ ಸಿಗಲ್ಲ ಕಣೇ" ಎಂದೆ.

"ಸಿಗೋವರ್ಗೂ ಇಲ್ಲೇ ಇರ್ತೀನಿ ಬಿಡಿ" ಎಂದು ಸುಭದ್ರ ಆ ಕುಂಬಳಕಾಯಿಯನ್ನು ಹುಳಿಗೆ ಹೆಚ್ಚತೊಡಗಿದಳು.